ಮರದ ದೊರೆ

ದೊರೆ ಸತ್ತ ಸುದ್ದಿ ತಂದ ಸವಾರ ಕುದುರೆಯಿಂದ ಇಳಿಯಲೇ ಇಲ್ಲ. ಆಲಿವ್ ತೋಪಿನ ನಡುವೆ ನಿಂತು, ಮರ ಹತ್ತಿ ಕಾಯಿ ಬಡಿಯುತ್ತಿದ್ದವರಿಗೂ ಕೆಳಗೆ ಆಯುತ್ತಿದ್ದವರಿಗೂ ಸೇರಿಸಿ ಒಂದೇ ಸಲ ಕೂಗಿದ.

"ದೊರೆ ಯುದ್ಧದಲ್ಲಿ ಬಿದ್ದ. ಮನೆಗೊಂದು ಗಂಡು, ಮನೆಗೊಂದು ಹೆಣ್ಣು ಸ್ಪಾರ್ಟಾಕ್ಕೆ ಬಂದು ಅಳಬೇಕು. ಬಾರದ ಮನೆಗೆ ಬೆಂಕಿ."

ಅಷ್ಟು ಹೇಳಿ ಕುದುರೆ ತಿರುಗಿಸಿದ. ಕುದುರೆ ಉದುರಿದ ಕಾಯಿಗಳನ್ನು ತುಳಿದುಕೊಂಡು ಮುಂದಿನ ತೋಪಿಗೆ ಹೋಯಿತು. ಸಿಮೋ ಬಗ್ಗಿ ಆ ತುಳಿದ ಕಾಯಿಗಳನ್ನೂ ಆಯ್ದು ಬುಟ್ಟಿಗೆ ಹಾಕಿದಳು. ಹಾಕದಿದ್ದರೆ ಒಡೆಯನ ಪಾಲಿನಲ್ಲಿ ಕಡಿಮೆ ಬೀಳುತ್ತದೆ, ಕಡಿಮೆ ಬಿದ್ದದ್ದು ಬೆನ್ನಿನ ಮೇಲೆ ಬೀಳುತ್ತದೆ.

ಮೆಸ್ಸೇನಿಯದ ಆ ಬಯಲಿನಲ್ಲಿ ಬೆಳೆದದ್ದರಲ್ಲಿ ಅರ್ಧ ಬೆಟ್ಟದಾಚೆಯ ಸ್ಪಾರ್ಟಾದವರಿಗೆ ಸೇರಬೇಕು. ಸ್ಪಾರ್ಟಾದವನು ಉಳುವುದಿಲ್ಲ, ಬಿತ್ತುವುದಿಲ್ಲ, ಒಂದು ಕೊಡ ನೀರು ಹೊರುವುದಿಲ್ಲ. ಅವನಿಗೆ ಗೊತ್ತಿರುವುದು ಈಟಿ ಒಂದೇ. ಮಿಕ್ಕಿದ್ದನ್ನೆಲ್ಲ ಬಯಲಿನ ಆಳುಗಳು, ಹೆಲಟರು, ಮಾಡಬೇಕು. ನೆಲವೂ ಹೆಲಟರದೇ ಆಗಿತ್ತು, ಅಜ್ಜಂದಿರ ಕಾಲದಲ್ಲಿ. ಈಗ ಅವರು ಆ ನೆಲದ ಜೊತೆಗೆ ಒಡೆಯನ ಸೊತ್ತು. ತಲೆಗೆ ನಾಯಿಚರ್ಮದ ಟೋಪಿ, ಮೈಗೆ ಕುರಿಚರ್ಮ, ವರ್ಷಕ್ಕೊಮ್ಮೆ ತಪ್ಪು ಮಾಡಿರಲಿ ಬಿಡಲಿ ಎಲ್ಲರಿಗೂ ಚಾಟಿ ಏಟು. ಆಳು ಅನ್ನುವುದು ಮರೆತುಹೋಗಬಾರದಲ್ಲ, ಅದಕ್ಕೆ. ಇಷ್ಟೂ ಸಾಲದೆಂದು ಕಣ್ಣೀರು ಬೇರೆ. ದೊರೆ ಸತ್ತರೆ ಹೋಗಿ ಹಣೆ ಚಚ್ಚಿಕೊಂಡು ಅಳಬೇಕು, ಮತ್ತು ಅಳುತ್ತಾ ಒಂದು ಮಾತು ಹೇಳಬೇಕು: "ಆಳಿದವರಲ್ಲೆಲ್ಲ ಈ ಹೋದವನೇ ಒಳ್ಳೆಯವನು." ಯಾವ ದೊರೆ ಸತ್ತರೂ ಅದೇ ಮಾತು. ಬೆಳೆಯಲ್ಲಾದರೆ ಅರ್ಧ ಕೇಳುತ್ತಾರೆ. ಅಳುವಿನಲ್ಲಿ ಪೂರ್ತಿ ಬೇಕು.

ಹಿಂದಿನ ದೊರೆ ಸತ್ತಾಗ ಸಿಮೋಳ ಗಂಡ ಟೆಲೇಸ್ ಬೆಟ್ಟ ಇಳಿಯುವಾಗ ಹೇಳಿದ್ದ, "ಅಲ್ಲ ಕಣಮ್ಮಿ, ಅವ್ರಪ್ಪ ಸತ್ತಾಗ ಅವ್ನೇ ಒಳ್ಳೇನು ಅಂದೋ. ಇವ್ನು ಸತ್ತ, ಇವ್ನು ಇನ್ನೂ ಒಳ್ಳೇನು. ಹಂಗಾದ್ರೆ ಮುಂದಿನವ್ನು ದೇವ್ರಂಥೋನೇ ಇರ್ಬೇಕು. ಬೇಗ ಸಾಯ್ಲಿ ಬುಡು." ಸುತ್ತಲಿದ್ದವರೆಲ್ಲ ಟೋಪಿ ಬಾಯಿಗೆ ತುರುಕಿಕೊಂಡು ನಕ್ಕಿದ್ದರು.

ಈಗ ಟೆಲೇಸ್ ಮಾತಾಡುವುದಿಲ್ಲ. ದ್ರಾಕ್ಷಿ ಕೊಯ್ಲಿನಿಂದ ಈಚೆಗೆ ಅವನ ಬಾಯಿಂದ ಒಂದು ಮಾತೂ ಬಂದಿಲ್ಲ. ಬಯಲಿನ ದಾರಿಯಲ್ಲಿ ಒಂದು ಅಂಜೂರದ ಮರವಿದೆ. ಅವರ ಮಗ ಇದಾಸ್ ಆ ಮರದಲ್ಲಿದ್ದಾನೆ.

ಇದಾಸ್ ಎತ್ತರಕ್ಕೆ ಬೆಳೆದಿದ್ದ. ಹೆಲಟನಿಗೆ ಅದೇ ಒಂದು ಕೇಡು. ಆಳು ಆಳಿನ ಹಾಗೆ ಕಾಣಬೇಕು, ಅಂದರೆ ಗೂನು, ಬಡಕಲು, ನೆಲ ನೋಡುವ ಕಣ್ಣು. ಮೈ ತುಂಬಿಕೊಂಡ ಆಳು ಕಂಡರೆ ಅವನ ಒಡೆಯನನ್ನು ಸ್ಪಾರ್ಟಾದವರು ಹಂಗಿಸುತ್ತಾರೆ: ಏನಪ್ಪಾ, ನಿನ್ನ ಕತ್ತೆಗಳು ನಿನಗಿಂತ ಚೆನ್ನಾಗಿ ಮೇಯುತ್ತಿವೆಯಲ್ಲ. ಅದು ಗೊತ್ತಿದ್ದೇ ಟೆಲೇಸ್ ಮಗನಿಗೆ ನಡೆಯಲು ಕಲಿತಾಗಿನಿಂದ ಹೇಳಿಕೊಟ್ಟಿದ್ದು ಒಂದೇ ಪಾಠ, "ಬಗ್ಗು ಮಗಾ, ಬಗ್ಗಿ ನಡಿ." ಸಿಮೋಳೂ ಹೇಳುತ್ತಿದ್ದಳು. ಹೇಳುತ್ತಲೇ ತನ್ನ ಪಾಲಿನ ಜವೆಗೋಧಿ ಮುದ್ದೆಯನ್ನು ಮುರಿದು ಅವನ ಬಟ್ಟಲಿಗೆ ಹಾಕುತ್ತಿದ್ದಳು. ಬಗ್ಗು ಅನ್ನುವುದೂ ಅವಳೇ, ಬೆಳೆಸುವುದೂ ಅವಳೇ. ಹೆತ್ತವಳು ಇನ್ನೇನು ಮಾಡುತ್ತಾಳೆ?

ಕೊಯ್ಲಿನ ದಿನ ಒಡೆಯ ಥೆಯಾರಿದಾಸ್ ಕುದುರೆಯ ಮೇಲೆ ಬಂದಿದ್ದ. ಇಬ್ಬರು ಎತ್ತುವ ರಸದ ಬಾನಿಯನ್ನು ಇದಾಸ್ ಒಬ್ಬನೇ ಎದೆಗವಚಿ ಎತ್ತಿಕೊಂಡು ಹೋಗುತ್ತಿದ್ದ. ಬಾನಿ ಹೊತ್ತವನು ಬಗ್ಗುವುದು ಹೇಗೆ? ನೆಟ್ಟಗೆ ನಡೆದ.

"ಯಾರ ಮಗ ಇವನು?" ಒಡೆಯ ಕೇಳಿದ.

ಸಿಮೋ ಸುಮ್ಮನಿರಬಹುದಿತ್ತು. ತಂದೆ ಇಲ್ಲದವನು, ಬೆಪ್ಪ, ಎಂದು ಏನಾದರೂ ಸುಳ್ಳು ಹೇಳಬಹುದಿತ್ತು. ಬಯಲಿನಲ್ಲಿ ಹಾಗೆ ಹೇಳುವುದೇ ರೂಢಿ. ಆದರೆ ರಸದ ಬಾನಿ ಹೊತ್ತು ನಡೆಯುತ್ತಿದ್ದ ಆ ಬೆನ್ನು ನೋಡಿ ಅವಳ ಬಾಯಿ ತಾನಾಗಿ ಆಡಿಬಿಟ್ಟಿತು.

"ನಂದೇ ಒಡೆಯಾ. ನನ್ನ ಮಗ."

ಒಡೆಯ ತಲೆ ಆಡಿಸಿದ. ಆ ವಾರ ಕಳೆಯುವುದರೊಳಗೆ ಚೂರಿ ಹುಡುಗರು ಬಂದುಹೋದರು. ಅವರು ಸ್ಪಾರ್ಟಾದ ಮನೆಗಳ ಎಳೆಯ ಗಂಡುಗಳು. ಹಗಲು ಪೊದೆಗಳಲ್ಲಿ ಅಡಗಿರುತ್ತಾರೆ, ಕತ್ತಲಾದ ಮೇಲೆ ಹೆಲಟರನ್ನು ಕೊಂದು ಕೈ ಪಳಗಿಸಿಕೊಳ್ಳುತ್ತಾರೆ. ಬೆಳಗ್ಗೆ ನೀರಿಗೆ ಹೋದ ಹೆಂಗಸರು ಇದಾಸನನ್ನು ಕಾಲುವೆಯ ಬದುವಿನಲ್ಲಿ ಕಂಡರು. ಕುತ್ತಿಗೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ತೆರೆದುಕೊಂಡಿತ್ತು.

ಅದು ಕೊಲೆಯಲ್ಲ. ಪ್ರತಿ ವರ್ಷ ಗದ್ದುಗೆಗೆ ಬಂದ ಕೂಡಲೇ ಸ್ಪಾರ್ಟಾದ ಐವರು ಹಿರಿಯಾಳುಗಳು ಮಾಡುವ ಮೊದಲ ಕೆಲಸ ಹೆಲಟರ ಮೇಲೆ ಯುದ್ಧ ಸಾರುವುದು. ತಮ್ಮ ಹೊಲದಲ್ಲಿ ದುಡಿಯುವ, ತಮ್ಮ ಹಿಟ್ಟು ಬೀಸುವ ಜನರ ಮೇಲೆ ಯುದ್ಧ! ಯುದ್ಧದಲ್ಲಿ ಕೊಂದರೆ ಪಾಪ ಅಂಟುವುದಿಲ್ಲ ನೋಡಿ, ದೇವರಿಗೂ ಲೆಕ್ಕ ಸರಿಹೋಗುತ್ತದೆ. ಯುದ್ಧದಲ್ಲಿ ಸತ್ತ ಶತ್ರುವಿಗೆ ಯಾರೂ ಅಳುವಂತಿಲ್ಲ. ಚೂರಿಗೆ ಬಿದ್ದ ಹೆಲಟನಿಗೆ ಅತ್ತ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆ. ಥೆಯಾರಿದಾಸ್ ಅದರ ಮೇಲೆ ತನ್ನದೊಂದು ಕಟ್ಟಳೆ ಸೇರಿಸಿದ. ಹೆಣವನ್ನು ಅಂಜೂರದ ಮರಕ್ಕೆ ಕಟ್ಟಿಸಿ, ನಾನು ಹೇಳುವವರೆಗೆ ಇಳಿಸಬೇಡಿ ಎಂದ.

ಹಾಗಾಗಿ ಸಿಮೋ ದಿನಾ ಬುಟ್ಟಿ ಹೊತ್ತು ಮಗನ ಕೆಳಗೆ ಹಾದುಹೋದಳು. ಕಾಗೆ ಬಂದವು. ನೊಣ ಬಂದವು. ವಾಸನೆ ಬಂದು, ವಾಸನೆ ಹೋಗಿ, ಎಲುಬು ಕಂಡಿತು. ಅವಳು ಸೆರಗಿನ ಚುಂಗನ್ನು ಬಾಯೊಳಗೆ ತುರುಕಿಕೊಂಡು ನಡೆಯುತ್ತಿದ್ದಳು. ಮಣ್ಣು ಕಾಣದ, ಅಳು ಕೇಳದ ಸತ್ತವನು ಸತ್ತವರ ನಾಡಿನ ಕಪ್ಪು ಹೊಳೆಯ ಈಚೆ ದಡದಲ್ಲೇ ಅಲೆಯುತ್ತಾನೆ, ದೋಣಿಯವನು ಆಚೆ ದಾಟಿಸುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಬಯಲಿನ ಸಾವುಗಳಿಗೆಲ್ಲ ಮೊದಲ ದನಿ ಎತ್ತುವವಳೇ ಅವಳು.

ಮೊದಲ ದನಿ ಅಂದರೆ ಸಣ್ಣ ಮಾತಲ್ಲ. ಸತ್ತವರ ಮುಂದೆ ಒಬ್ಬಳು ಶುರುಮಾಡಬೇಕು, ಮಿಕ್ಕವರು ಅದನ್ನು ಹಿಡಿದು ಏಳಬೇಕು. ಅವಳು ಎತ್ತುವ ಮೊದಲು ಬೇರೆ ಯಾರೂ ಬಾಯಿ ತೆರೆಯುವುದಿಲ್ಲ. ತೆರೆದರೆ ಸತ್ತವನಿಗೆ ದಾರಿ ತಪ್ಪುತ್ತದೆ. ಸಿಮೋಳ ತಾಯಿ ಎತ್ತುತ್ತಿದ್ದಳು, ತಾಯಿಯಿಂದ ಇವಳಿಗೆ ಬಂದಿತ್ತು. ಊರಿಗೆಲ್ಲ ಅತ್ತವಳು ತನ್ನ ಮಗನಿಗೆ ಅಳಲಾಗಲಿಲ್ಲ.

ಸವಾರ ಹೋದ ಮಧ್ಯಾಹ್ನ ಸೋಸಿಸ್ ಬಂದ. ಅವನೂ ಹೆಲಟನೇ. ಒಡೆಯ ಅವನ ಕೈಗೆ ಒಂದು ಕೋಲು ಕೊಟ್ಟು ಮೇಸ್ತ್ರಿ ಮಾಡಿದ್ದ. ತಲೆಯ ಮೇಲಿನ ನಾಯಿಚರ್ಮ ಮಾತ್ರ ಹಾಗೇ ಇತ್ತು.

"ಸಿಮೋ, ಒಡೆಯ ಹೇಳ್ಕಳ್ಸವ್ರೆ. ದೊರೆ ಮಣ್ಗೆ ನಮ್ಮ ಬಯಲಿನ ಮೊದ್ಲ ದನಿ ನೀನೇ ಎತ್ಬೇಕಂತೆ. ಅಲ್ಲಿ ಬ್ಯಾರೆ ಒಡೇರ್ಗಳ ಮುಂದೆ ಅವ್ರಿಗೆ ಹೆಸ್ರು ಬರ್ಬೇಕಂತೆ."

"ನನ್ನ ಗಂಟ್ಲು ಸತ್ತೋಗದೆ. ಬ್ಯಾರೆಯೋರ್ನ ನೋಡ್ಕೊ."

ಸೋಸಿಸ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಚೆಂದಾಗಿ ಎತ್ತಿದ್ರೆ ನಿನ್ನ ಮಗನ್ನ ಇಳ್ಸಿ ಮಣ್ಣು ಮಾಡ್ಕೊಬೋದಂತೆ."

ಸಿಮೋ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. "ಅವ್ರೇ ಅಂದ್ರಾ?"

"ಅವ್ರ ಬಾಯಿಂದ್ಲೇ ಬಂತು. ನನ್ನ ಕಿವಿಯಾರೆ ಕೇಳಿವ್ನಿ."

"ಅಳ್ಬೋದಾ? ಅವನ್ಗೆ?"

"ಅಳ್ಬೋದಂತೆ. ಒಂದು ದಿನ."

ಪಕ್ಕದ ಮರದ ಕೆಳಗೆ ಕಾಯಿ ಆಯುತ್ತಿದ್ದ ಮುದುಕಿ ಬಾಯೋ ತಲೆ ಎತ್ತಿದಳು. ಸಿಮೋಳ ದನಿಯ ಹಿಂದೆ ಯಾವಾಗಲೂ ಎರಡನೆಯ ದನಿ ಅವಳದು. "ತೋಳ ಕುರಿ ಕಾಯ್ತೀನಿ ಅಂದಂಗಾಯ್ತು" ಎಂದಳು. ಸಿಮೋ ಅದನ್ನು ಕೇಳಿಸಿಕೊಳ್ಳಲಿಲ್ಲ. ಟೆಲೇಸನ ಕಡೆ ನೋಡಿದಳು. ಅವನು ಮರದ ಮೇಲೆ ಕೋಲು ಹಿಡಿದು ಹಾಗೇ ನಿಂತಿದ್ದ.

ಹೊರಡುವ ದಿನ ಅಂಜೂರದ ಮರದ ಕೆಳಗೆ ಅವಳು ಒಂದು ಗಳಿಗೆ ನಿಂತಳು. ಸೋಸಿಸ್ ಬೇರೆ ಕಡೆ ಮುಖ ಮಾಡಿದ.

"ಬತ್ತೀನಿ ಕಂದಾ. ಇಷ್ಟು ದಿನ ತಡ್ಕೊಂಡಿದ್ದೀಯ, ಇನ್ನೊಸಿ ತಡ್ಕೊ" ಎಂದಳು.

ಟೈಗೆಟಸ್ ಬೆಟ್ಟ ಹತ್ತಿ ಇಳಿದು ಅವರು ಸ್ಪಾರ್ಟಾ ಸೇರಿದರು. ಯುರೋಟಾಸ್ ಹೊಳೆಯ ದಂಡೆಯಲ್ಲಿ ಸಾವಿರಗಟ್ಟಲೆ ಹೆಲಟರು ಕುರಿಹಿಂಡಿನಂತೆ ನೆರೆದಿದ್ದರು, ಗಂಡಸರದು ಒಂದು ಸಾಲು, ಹೆಂಗಸರದು ಒಂದು ಸಾಲು. ಊರೊಳಗೆ ದೊರೆಯ ಸಾವಿಗೆ ಕೊಪ್ಪರಿಗೆ ಬಡಿಯುವ ಸದ್ದು ನಿಂತೇ ಇರಲಿಲ್ಲ. ಸ್ಪಾರ್ಟಾಕ್ಕೆ ಯಾವಾಗಲೂ ಒಟ್ಟಿಗೆ ಇಬ್ಬರು ದೊರೆಗಳು. ಅವರಲ್ಲಿ ಈ ದೊರೆ ಬಿದ್ದದ್ದು ಬಡಗಣದ ದೂರದ ನಾಡಿನಲ್ಲಿ, ಹೆಣ ಸಿಕ್ಕಿರಲಿಲ್ಲ. ಹಾಗಾಗಿ ಮರದಲ್ಲಿ ಒಂದು ದೊರೆ ಕೆತ್ತಿಸಿದ್ದರು. ಕೆಂಪು ಹೊದಿಕೆಯ ಚಟ್ಟದ ಮೇಲೆ ಅದನ್ನು ಮಲಗಿಸಿದ್ದರು. ಗಡ್ಡಕ್ಕೆ ಕರಿ ಬಣ್ಣ, ತುಟಿಗೆ ಕೆಂಪು ಬಣ್ಣ, ಕಣ್ಣಿಗೆ ಬಿಳಿ ಕಲ್ಲು.

ಬಾಯೋ ಕತ್ತು ಚಾಚಿ ನೋಡಿದಳು. "ಇದೇನೇ ಇದು, ತೊಲೆಗೆ ಗಡ್ಡ ಬಂದಂಗದೆ."

"ಸುಮ್ಕಿರಜ್ಜೀ" ಎಂದಳು ಸಿಮೋ. ಅವಳಿಗೆ ಆಗ ತೊಲೆಯಾದರೂ ಒಂದೇ, ದೊರೆಯಾದರೂ ಒಂದೇ.

ಅವಳು ಅತ್ತಳು. ಕೈ ಎತ್ತಿ, ಕೂದಲು ಬಿಚ್ಚಿ, ಹೊಟ್ಟೆಯ ಬುಡದಿಂದ ಮೊದಲ ದನಿ ಎತ್ತಿದಳು. ಇಷ್ಟು ದಿನ ಸೆರಗಿನ ಚುಂಗಿನಲ್ಲಿ ಕಟ್ಟಿಹಾಕಿದ್ದು ಒಂದೇ ಸಲ ಕಿತ್ತುಕೊಂಡು ಬಂತು. ಆಳಿದವರಲ್ಲೆಲ್ಲ ಈ ಹೋದವನೇ ಒಳ್ಳೆಯವನು! ಸಾವಿರ ಗಂಟಲು ಅದನ್ನು ಹಿಡಿದು ಎದ್ದವು. ಸಾಲುಗಳ ನಡುವೆ ಕೋಲು ಹಿಡಿದ ಕಾವಲಿನವರು ಓಡಾಡುತ್ತಿದ್ದರು. ಗಲ್ಲ ಹಿಡಿದೆತ್ತಿ ಹಣೆ ನೋಡುತ್ತಿದ್ದರು. ರಕ್ತ ಬಂದಿಲ್ಲ, ಇನ್ನೊಂದ್ಸಲ ಚಚ್ಚಿಕೋ. ಚಚ್ಚಿಕೊಂಡರೆ ಮುಂದಿನವಳ ಹಣೆ. ಸಿಮೋಳ ಹಣೆಯನ್ನು ಯಾರೂ ನೋಡಬೇಕಾಗಲಿಲ್ಲ, ರಕ್ತ ಕಣ್ಣೊಳಗೆ ಇಳಿದಿತ್ತು. ಉಗುರಿನಿಂದ ಕೆನ್ನೆ ಗೀರಿಕೊಂಡಿದ್ದಳು. ಹೀಗೆ ಬೆಳಗಿನಿಂದ ಬೈಗಿನವರೆಗೆ ದಿನದಿನವೂ ನಡೆಯಿತು. ಹೊಟ್ಟೆಗೆ ಒಂದು ಹಿಡಿ ಜವೆಗೋಧಿ, ಹೊಳೆ ನೀರು.

ಸ್ಪಾರ್ಟಾದ ಹೆಂಗಸರು ಬಂದು ನಿಂತು ಕೇಳಿದರು. ಅವರು ಅಳುವುದಿಲ್ಲ. ಮಗ ಸತ್ತ ಸುದ್ದಿ ಬಂದರೆ ನಗಬೇಕು, ಅದು ಅಲ್ಲಿಯ ಹೆಮ್ಮೆ. ನೀರು ಹೊರಲು, ಹಿಟ್ಟು ನಾದಲು ಇದ್ದ ಹಾಗೆ ಅಳುವುದಕ್ಕೂ ಆಳುಗಳಿದ್ದರು. ಒಬ್ಬಳು ಇನ್ನೊಬ್ಬಳಿಗೆ, "ಥೆಯಾರಿದಾಸನ ಹೆಣ್ಣಂತೆ, ಎಷ್ಟು ಚೆನ್ನಾಗಿ ಅಳ್ತಾಳೆ ನೋಡು" ಎಂದಳು. ಒಳ್ಳೆಯ ಹಾಲು ಕರೆಯುವ ಮೇಕೆಯನ್ನು ನೋಡುವ ಹಾಗೆ ನೋಡಿದಳು.

ಮರದ ದೊರೆಯನ್ನು ಮಣ್ಣು ಮಾಡುವ ಹಿಂದಿನ ದಿನ, ಬಿಸಿಲು ಇಳಿಯುವಾಗ, ಥೆಯಾರಿದಾಸ್ ಹೊಳೆ ದಂಡೆಗೆ ಬಂದ. ಹಿಂದೆ ಅವನ ಬೇಟೆ ನಾಯಿಗಳು ಬಂದವು. ಸಿಮೋ ಓಡಿ ಹೋಗಿ ಕಾಲ ಮುಂದೆ ಬಿದ್ದಳು. ದನಿ ಒಡೆದು ಗಾಳಿಯಷ್ಟೇ ಬರುತ್ತಿತ್ತು.

"ಒಡೆಯಾ, ನೀವು ಹೇಳ್ದಂಗೆ ಮಾಡಿವ್ನಿ. ನಾಳೆ ಒಂದಿನ ಅದೆ, ಅದ್ನೂ ಮಾಡ್ತೀನಿ. ಆಮ್ಯಾಕೆ ಊರ್ಗೋಗಿ ನನ್ನ ಮಗನ್ನ..."

"ಯಾವ ಮಗ?"

"ಇದಾಸು ಒಡೆಯಾ. ಅಂಜೂರದ ಮರ್ದಲ್ಲಿ..."

"ಓ, ಆ ಎಲುಬಾ." ಥೆಯಾರಿದಾಸ್ ಒಂದು ನಾಯಿಯ ಕಿವಿ ಹಿಂಡಿದ. "ನೀವು ಈ ಕಡೆ ಹೊರಟ ದಿನವೇ ಇಳಿಸಿಬಿಟ್ವಿ. ಮರ ಹಾಳಾಗ್ತಿತ್ತು, ಬರೋ ವರ್ಷ ಹಣ್ಣು ಬೇಡ್ವಾ? ಇವುಗಳ ಮುಂದೆ ಹಾಕಿದೆ. ಎರಡು ದಿನ ಕಡಿದ್ವು."

ನಾಯಿ ಸಿಮೋಳ ಕೈ ಮೂಸಿತು. ಬೆಚ್ಚಗಿನ ಉಸಿರು ತಾಗಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

"ಮಾತು ಕೊಟ್ಟಿದ್ರಿ ಒಡೆಯಾ."

"ಯುದ್ಧ ನಡೀತಿದೆ ಕಣೇ. ಶತ್ರುಗೆ ಕೊಟ್ಟ ಮಾತು ಮಾತಲ್ಲ." ಅವನು ಬಗ್ಗಿ ಅವಳ ಗಲ್ಲ ಎತ್ತಿ, ಕಾವಲಿನವನ ಹಾಗೆ ಹಣೆ ನೋಡಿದ. "ಅವನನ್ನ ಹುಡುಗರಿಗೆ ತೋರಿಸಿಕೊಟ್ಟವನೂ ನಾನೇ. ಯಾರ ಮನೆಯವನು ಅಂತ ನಂಗೇನು ಗೊತ್ತಿತ್ತು? ನಂದೇ ಅಂತ ನೀನು ಬಾಯಿ ಬಿಟ್ಟೆ. ಈಗ ಯಾಕೆ ಇದನ್ನೆಲ್ಲ ಹೇಳ್ತಿದೀನಿ ಗೊತ್ತಾ? ನಿನ್ನೆಯಿಂದ ನಿನ್ನ ದನಿ ಸೊರಗಿದೆ. ನಾಳೆ ಐವರು ಹಿರಿಯಾಳುಗಳೂ ಬರ್ತಾರೆ, ಇನ್ನೊಬ್ಬ ದೊರೆ ಬರ್ತಾನೆ. ಅಳೋದಕ್ಕೆ ನಿಂಗೊಂದು ಕಾರಣ ಬೇಕಿತ್ತು, ಕೊಟ್ಟೆ. ಚೆನ್ನಾಗಿ ಅಳು."

ಅವನು ನಾಯಿಗಳಿಗೆ ಸಿಳ್ಳೆ ಹಾಕಿ ಹೊರಟುಹೋದ. ದನದ ಕರು ಸತ್ತರೆ ಹುಲ್ಲು ತುಂಬಿದ ತೊಗಲನ್ನು ಮುಂದೆ ನಿಲ್ಲಿಸಿ ಹಾಲು ಕರೆಯುತ್ತಾರಲ್ಲ, ಹಾಗೆ ಕರೆಯಲು ಬಂದಿದ್ದ. ತೂ ಅವನ ಜನ್ಮಕ್ಕೆ.

ಸಿಮೋ ಎದ್ದು ಗಂಡಸರ ಸಾಲಿನ ಕಡೆ ಹೋದಳು. ಟೆಲೇಸ್ ಊದಿದ ಹಣೆಗೆ ಒದ್ದೆ ಮಣ್ಣು ಮೆತ್ತಿಕೊಂಡು ಕೂತಿದ್ದ. ಅವಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ನಾಯಿಯ ಉಸಿರು ತಾಗಿದ್ದನ್ನೂ ಹೇಳಿದಳು.  ಆಗ ಟೆಲೇಸನ ಬಾಯಿಂದ ಮಾತು ಬಂತು. ತುಕ್ಕು ಹಿಡಿದ ಕೀಲು ತಿರುಗಿದ ಹಾಗಿತ್ತು ದನಿ.

"ನಾಳೀಕೆ ಏನ್ಮಾಡ್ತೀಯಮ್ಮಿ?"

"ಎತ್ತಲ್ಲ."

"ಕೊಂದಾಕ್ತಾರೆ."

"ಕೊಂದಾಕ್ಲಿ. ಜವೆಗೋಧೀಲಿ ಅರ್ಧ ಅಂದ್ರು, ಕೊಟ್ಟೊ. ಎಣ್ಣೇಲಿ ಅರ್ಧ ಅಂದ್ರು, ಕೊಟ್ಟೊ. ಮಗನ್ನ ಪೂರ್ತಿ ತಕ್ಕೊಂಡ್ರು. ಇದೊಂದು ನಂದು. ಇದ್ರಾಗೆ ಅವ್ರಿಗೆ ಕಾಳಷ್ಟೂ ಕೊಡಾಕಿಲ್ಲ."

ಟೆಲೇಸ್ ಅವಳ ಕೆದರಿದ ಕೂದಲನ್ನು ಹಿಂದಕ್ಕೆ ಸರಿಸಿ, ರಕ್ತ ಒಣಗಿದ್ದ ಹುಬ್ಬನ್ನು ಹೆಬ್ಬೆರಳಿನಿಂದ ಒರೆಸಿದ.

ಮರುದಿನ ಚಟ್ಟ ಸಮಾಧಿಯ ಹತ್ತಿರ ಬಂತು. ಕೊಪ್ಪರಿಗೆಗಳು ನಿಂತವು. ಒಂದು ಪಕ್ಕ ಈಟಿ ಹಿಡಿದ ಸ್ಪಾರ್ಟಾದ ಗಂಡಸರು, ದಿಬ್ಬದ ಮೇಲೆ ಐವರು ಹಿರಿಯಾಳುಗಳು, ಬದುಕಿರುವ ಇನ್ನೊಬ್ಬ ದೊರೆ. ಬಿಳಿಗಡ್ಡದ ಹಿರಿಯಾಳೊಬ್ಬ ಕೈ ಎತ್ತಿ ಇಳಿಸಿದ. ಇನ್ನು ಮೊದಲ ದನಿ ಏಳಬೇಕು.

ಸಿಮೋ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಬಾಯಿ ಮುಚ್ಚಿತ್ತು.

ಗಾಳಿಗೆ ಚಟ್ಟದ ಹೊದಿಕೆ ಪಟಪಟ ಎಂದಿತು. ಹಿರಿಯಾಳು ಇನ್ನೊಮ್ಮೆ ಕೈ ಎತ್ತಿ ಇಳಿಸಿದ. ಏನೂ ಏಳಲಿಲ್ಲ. ಸಾವಿರಾರು ಜನ ಹಣೆಗೆ ಮುಷ್ಟಿ ಒತ್ತಿಕೊಂಡು ಕಾಯುತ್ತಿದ್ದರು. ಬಯಲಿನವರ ಹಿಂದೆ ಬೇರೆ ಬಯಲಿನವರು, ಅವರ ಹಿಂದೆ ಇನ್ನೂ ಬೇರೆಯವರು. ಎಲ್ಲರಿಗೂ ಮುಂದಿನ ಸಾಲಿನಿಂದಲೇ ಅಳು ಬರಬೇಕಿತ್ತು.

"ಎತ್ತೇ ತಾಯೀ" ಸೋಸಿಸ್ ಹಿಂದಿನಿಂದ ಪಿಸುಗುಟ್ಟಿದ.  "ನಿನ್ನ ಕಾಲಿಗ್ ಬೀಳ್ತೀನಿ. ಎಲ್ಲಾರ್ನೂ ಸಾಯಿಸ್ಬ್ಯಾಡ."

ಥೆಯಾರಿದಾಸ್ ದೊಡ್ಡ ಹೆಜ್ಜೆ ಹಾಕಿ ಬಂದ. ಮುಖ ಕೆಂಪಾಗಿತ್ತು. "ಅಳು."

"ಅಳಾಕಿಲ್ಲ."

"ಏನಂದೆ?"

"ಮಗನ್ಗೆ ಅಳ್ಬ್ಯಾಡ ಅಂದ್ರಿ, ಅಳ್ಲಿಲ್ಲ. ಈಗ ಮರಕ್ಕೆ ಅಳು ಅಂತೀರಿ. ಮರಕ್ಕೆ ನೀವೇ ಅತ್ಕೊಳಿ. ನಿಮ್ಮ ದೊರೆ, ನಿಮ್ಮ ಕಣ್ಣು."

ಈಟಿಯ ಹಿಂದಿನ ತುದಿ ಅವಳ ಹೊಟ್ಟೆಗೆ ಬಿತ್ತು. ಅವಳು ಮಡಿಚಿಕೊಂಡು ಕೂತಳು, ನೆಲಕ್ಕೆ ಕೈಯೂರಿ ಎದ್ದಳು. ಎರಡನೆಯದು ಪಕ್ಕೆಗೆ ಬಿತ್ತು. ಎಲುಬು ಮುರಿದ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ಮತ್ತೆ ಎದ್ದಳು. ದೇವರ ಕಟ್ಟೆಯ ಮುಂದೆ ಚಾಟಿ ಏಟು ತಿಂದು ಉಸಿರೆತ್ತದ ಹುಡುಗನನ್ನು ಕೊಂಡಾಡುವ ಊರು ಅದು. ಉಸಿರೆತ್ತದ ಹೆಂಗಸನ್ನು ಏನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ. ಈಟಿ ಹಿಡಿದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊರೆಯ ಸಾವಿಗೆ ಅಳು ಬೇಕು, ಅಳುವುದು ಅವರ್ಯಾರಿಗೂ ಬರುವುದಿಲ್ಲ.

ದಿಬ್ಬದ ಮೇಲಿನಿಂದ ಹಿರಿಯಾಳು ಕೂಗಿ ಕೇಳಿದ, "ಏನಾಯ್ತು ಥೆಯಾರಿದಾಸ್? ನಿನ್ನ ಹೆಣ್ಣು ಮೂಕಿನಾ?" ಯಾರೋ ನಕ್ಕರು.

ಥೆಯಾರಿದಾಸ್ ಬಾಯೋಳ ಕಡೆ ತಿರುಗಿದ. "ನೀನು ಎತ್ತು ಮುದುಕೀ!"

ಬಾಯೋ ಹಲ್ಲಿಲ್ಲದ ಬಾಯಿ ತೆರೆದಳು, ಸಿಮೋಳನ್ನು ನೋಡಿದಳು, ಮುಚ್ಚಿದಳು. "ಮೊದ್ಲ ದನಿ ಬದುಕಿರೋವಾಗ ಎರಡ್ನೇದು ಏಳಾಕಿಲ್ಲ ಒಡೆಯಾ. ನಮ್ಮ ಪದ್ಧತಿ ಅಲ್ಲ." ಹಾಗೆಂದು ನೆಲದ ಮೇಲೆ ಕೂತುಬಿಟ್ಟಳು. ಅವಳ ಹಿಂದಿನವಳು ಕೂತಳು. ಹಾಗೆಯೇ ಇನ್ನೊಬ್ಬಳು.

ಥೆಯಾರಿದಾಸ್ ಈಟಿಯನ್ನು ತಿರುಗಿಸಿ ಹಿಡಿದ.

ಸಿಮೋಳಿಗೆ ಅದರ ಮೊನೆ ಕಂಡಿತು. ಅವಳು ಹುಟ್ಟಿದಾಗಿನಿಂದ ನೆಲ ನೋಡಿಕೊಂಡೇ ನಡೆದವಳು, ಮಗನಿಗೂ ಅದನ್ನೇ ಕಲಿಸಿದವಳು. ಆ ಗಳಿಗೆಯಲ್ಲಿ ಮುರಿದ ಪಕ್ಕೆಯನ್ನು ಕೈಯಲ್ಲಿ ಒತ್ತಿಕೊಂಡು ಬೆನ್ನು ನೆಟ್ಟಗೆ ಮಾಡಿದಳು. ನೋವಿನಿಂದ ಕಣ್ಣು ಕತ್ತಲಿಟ್ಟಿತು. ಇದಾಸ್ ಬಾನಿ ಹೊತ್ತು ಹೀಗೇ ನಡೆದಿದ್ದನಲ್ಲ ಅಂದುಕೊಂಡಳು. ಅವಳು ಒಡೆಯನ ಕಣ್ಣನ್ನೇ ನೋಡಿದಳು. ಅವನ ಕಣ್ಣು ಕಂದು ಬಣ್ಣದ್ದು. ಇಷ್ಟು ವರ್ಷ ದುಡಿದರೂ ಅವಳಿಗೆ ಅದು ಗೊತ್ತಿರಲಿಲ್ಲ.

ಈಟಿ ಕುತ್ತಿಗೆಯ ಕೆಳಗೆ ಹೊಕ್ಕಿತು. ಅವಳು ಬಿದ್ದಳು. ದನಿ ಹೊರಡಲಿಲ್ಲ.

ಗಂಡಸರ ಸಾಲಿನಿಂದ ಟೆಲೇಸ್ ಹೊರಗೆ ಬಂದ. ನಾಯಿಚರ್ಮದ ಟೋಪಿಯನ್ನು ತೆಗೆದು ಬಿಸಾಕಿದ. ಅವನೂ ಎತ್ತರದ ಆಳೆಂದು ಬಯಲಿನವರಿಗೆ ಗೊತ್ತಾದದ್ದು ಆವತ್ತೇ. ನೆಟ್ಟಗೆ ನಡೆದು ಬಂದು, ಅವಳ ಪಕ್ಕ ಕೂತು, ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ಎಳೆದೊಯ್ಯಲು ಕಾವಲಿನವರಿಬ್ಬರು ಮುಂದೆ ಬಂದರು.

ಆಗ ಬಾಯೋ ಎದ್ದು ನಿಂತಳು. ಮೊದಲ ದನಿ ಸತ್ತಿತ್ತು. ಎರಡನೆಯದು ಈಗ ಏಳಬಹುದಿತ್ತು. ಎರಡೂ ಮುಷ್ಟಿಯಿಂದ ಹಣೆ ಚಚ್ಚಿಕೊಂಡು ಎತ್ತಿದಳು.

"ಹೋದವ್ರಲ್ಲೆಲ್ಲಾ ಸಿಮೋನೇ ಒಳ್ಳೆಯೋಳೋ! ಸಿಮೋನ ಮಗ ಇದಾಸನೇ ಒಳ್ಳೆಯೋನೋ!"

ಹೆಂಗಸರ ಸಾಲು ಅದನ್ನು ಹಿಡಿದು ಎದ್ದಿತು. ಎರಡು ಹೆಸರಿಗೆ ನಿಲ್ಲಲಿಲ್ಲ. ಒಬ್ಬಳು ಕೊಯ್ಲಿನಲ್ಲಿ ಸತ್ತ ಗಂಡನನ್ನು ಕರೆದಳು. ಒಬ್ಬಳು ಕಾಲುವೆಯಲ್ಲಿ ಸಿಕ್ಕ ತಮ್ಮನನ್ನು ಕರೆದಳು. ಬಾಯಿಗೆ ಬಟ್ಟೆ ತುರುಕಿಕೊಂಡು ಮಣ್ಣು ಮಾಡಿದ ಸತ್ತವರ ಹೆಸರೆಲ್ಲ ಹೊರಗೆ ಬಂದವು. ಗಂಡಸರ ಸಾಲಿಗೆ ಹತ್ತಿತು, ಪಕ್ಕದ ಬಯಲಿನವರಿಗೆ ಹತ್ತಿತು, ಹೊಳೆಯ ದಂಡೆಯವರೆಗೂ ಹತ್ತಿತು. ಸೋಸಿಸ್ ಕೋಲು ಬಿಟ್ಟು ಮಂಡಿಯೂರಿ ಅವನ ಬಾಯಲ್ಲಿ ಯಾರೂ ಕೇಳಿರದ ಒಂದು ಕರೆ, 'ಅಕ್ಕಾ, ಅಕ್ಕಾ' ಎಂದು ಕೂಗುತ್ತಾ ತಲೆಯನ್ನು ನೆಲಕ್ಕೆ ಬಡಿಯುತ್ತಿದ್ದ.

ದಿಬ್ಬದವರೆಗೆ ಬರುವಷ್ಟರಲ್ಲಿ ಅದು ಬರೀ ಅಳುವಾಗಿತ್ತು. ಹೆಸರುಗಳು ಅಲ್ಲಿಗೆ ಮುಟ್ಟಲಿಲ್ಲ. ಬಿಳಿಗಡ್ಡದ ಹಿರಿಯಾಳು ಪಕ್ಕದವನಿಗೆ, "ಒಂದಕ್ಕೆ ಬಿದ್ದರೆ ಮಿಕ್ಕವಕ್ಕೆ ಬುದ್ಧಿ ಬರುತ್ತೆ ನೋಡು. ಇಂಥ ಅಳು ನಾನು ಯಾವ ದೊರೆಗೂ ಕೇಳಿರಲಿಲ್ಲ" ಎಂದ. ಆಮೇಲೆ ಇಳಿದು ಬಂದು ಥೆಯಾರಿದಾಸನ ಹೆಗಲು ತಟ್ಟಿದ.

ಥೆಯಾರಿದಾಸ್ ಹತ್ತಿರವೇ ನಿಂತಿದ್ದ. ಅವನಿಗೆ ಪ್ರತಿಯೊಂದು ಹೆಸರೂ ಕೇಳುತ್ತಿತ್ತು. ತನ್ನ ದೊರೆಯ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ. ಹೇಳಬೇಕೆಂದರೆ, ದೊರೆಯ ಮಣ್ಣಿನ ದಿನ ಊರಿಗೂರೇ ನನ್ನ ಆಳಿನ ಹೆಣ್ಣಿಗೆ ಅಳುತ್ತಿದೆ ಎಂದು ಹೇಳಬೇಕಿತ್ತು. ಹಾಗೆ ಹೇಳಿದ್ದರೆ ಮುಂದೆ ಸ್ಪಾರ್ಟಾದಲ್ಲಿ ಅವನ ಪಕ್ಕ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

"ಚೆನ್ನಾಗಿ ಅಳ್ತಿವೆ ನಿನ್ನ ಆಳುಗಳು" ಎಂದ ಹಿರಿಯಾಳು.

"ಹೂಂ" ಎಂದ ಥೆಯಾರಿದಾಸ್.

ಮರದ ದೊರೆಯನ್ನು ಹೊದಿಕೆ ಸಮೇತ ಗುಂಡಿಗೆ ಇಳಿಸಿದರು. ಸಿಮೋಳನ್ನು ಕಾಲು ಹಿಡಿದು ಎಳೆದುಕೊಂಡು ಹೋಗಿ ಬೆಟ್ಟದ ಕಮರಿಗೆ ಎಸೆದರು. ಟೆಲೇಸನನ್ನು ಜೀವಸಹಿತ ಅವಳ ಹಿಂದೆಯೇ ಎಸೆದರು. ಅಳು ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ದೊರೆಯ ಮಣ್ಣಿನಲ್ಲಿ ಹಾಗೆ ಹೇಳುವಂತಿರಲಿಲ್ಲ. ಬೈಗಿನವರೆಗೂ ಅತ್ತರು. ಮರದ ದೊರೆಗೆ ಒಬ್ಬರೂ ಅಳಲಿಲ್ಲ.